ಕಡಲತಡಿಯ ಮನೆಯ ಪ್ರೇತನಾಯಕ

ಭೂತವೆಂದೊಡನೆ ಬೇವಿನ ಸೊಪ್ಪನ್ನೂ ತಾಯಿತವನ್ನೂ ಅರಸುವ ನಮಗೆ, ಪ್ರೇತದೊಡನೆ ಪ್ರಣಯವೆಂಬ ಮಾತು ವಿಪರೀತವಾಗಿ ಕೇಳಿಸುವುದು ಸಹಜವೇ. ಆದರೆ ಆರ್. ಎ. ಡಿಕ್ ಎಂಬ ಅಂಕಿತದಲ್ಲಿ ಜೋಸೆಫೀನ್ ಲೆಸ್ಲಿ ಎಂಬಾಕೆ 1945ರಲ್ಲಿ ಪ್ರಕಟಿಸಿದ ‘ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್’ ಕಾದಂಬರಿಯನ್ನು ಆಧರಿಸಿ, ಎರಡೇ ವರ್ಷಗಳ ತರುವಾಯ ಜೋಸೆಫ್ ಮ್ಯಾಂಕವಿಟ್ಸ್ ನಿರ್ದೇಶಿಸಿದ ಚಲನಚಿತ್ರವನ್ನು ನೋಡಿದವರು ಆ ಶಂಕೆಯನ್ನು ಬಿಟ್ಟಾರು. ವಿಧವೆಯಾದ ಲೂಸಿ, ಅತ್ತೆ-ನಾದಿನಿಯರ ಆಳ್ವಿಕೆಗೆ ಬೇಸತ್ತು, ಇಂಗ್ಲೆಂಡಿನ ಕಡಲತಡಿಯ ಮನೆಯೊಂದನ್ನು, ಅಲ್ಲಿ ಪ್ರೇತವಿದೆಯೆಂದು ತಿಳಿದೂ, ಬಾಡಿಗೆಗೆ ಹಿಡಿಯುತ್ತಾಳೆ. ಆ ಪ್ರೇತವೋ, ಹಡಗಿನ ಕಪ್ತಾನನಾಗಿದ್ದು, ಬಾಯಿ ತೆರೆದರೆ ಬೈಗುಳವನ್ನೇ ಉದುರಿಸುವಾತ. ಅವಳ ಕೈ ಬರಿದಾದಾಗ ಅವನು ತನ್ನ ಜೀವನಕಥೆಯನ್ನು ಹೇಳಿ ಬರೆಯಿಸಿ, ಆ ಪುಸ್ತಕದ ಗಳಿಕೆಯಿಂದಲೇ ಅವಳನ್ನು ಆ ಮನೆಯಲ್ಲಿ ಉಳಿಸುತ್ತಾನೆ. ಸತ್ತವನಿಗೆ ಗೌರವಧನದ ಹಂಗಿಲ್ಲವಷ್ಟೆ! ಬಳಿಕ ಅವಳು ಸಜೀವ ಲೇಖಕನೊಬ್ಬನಿಗೆ ಒಲಿದಾಗ, ತಾನು ಅಡ್ಡಿಯಾಗಬಾರದೆಂದು, ನಿದ್ರಿಸುತ್ತಿದ್ದವಳ ಬಳಿ ನಿಂತು ಇದೆಲ್ಲವೂ ಕನಸೆಂದುಸುರಿ ಮರೆಯಾಗುತ್ತಾನೆ. ಆ ಲೇಖಕನೋ ವಿವಾಹಿತ, ವಂಚಕ! ಮುಂದೆ ದಶಕಗಳ ಏಕಾಂತ. ಕಡೆಗೊಂದು ದಿನ, ಮುಪ್ಪಿನ ಲೂಸಿ ಕುರ್ಚಿಯಲ್ಲಿಯೇ ಕಣ್ಮುಚ್ಚಿದ ಕ್ಷಣದಲ್ಲಿ, ಕಪ್ತಾನನು ಬಂದು ಕೈನೀಡುತ್ತಾನೆ. ಎದ್ದು ನಡೆದವಳು ಮತ್ತೆ ತರುಣಿ.