ಅಚ್ಚಿನಲ್ಲಿ ಕೇಳದ ದನಿ

ಬೇಂದ್ರೆಯವರ ಯಾವುದಾದರೂ ಸಂಕಲನ ತೆರೆದು ನೋಡಿ. ಪದಗಳ ಬಾಲದಲ್ಲಿ ಅಲ್ಲಲ್ಲಿ ಒಂದು ಸೊಟ್ಟ ಗುರುತು ಕಣ್ಣಿಗೆ ಬೀಳುತ್ತದೆ. ಅದು ಅವಗ್ರಹ, ‘ಽ’. ಸರಿಯಾದ ಅಚ್ಚುಮೊಳೆ ಸಿಗಲಿಲ್ಲವೋ ಏನೋ, ಕೆಲವು ಮುದ್ರಣಗಳಲ್ಲಿ ಅದರ ಜಾಗದಲ್ಲಿ ಇಂಗ್ಲಿಷಿನ ‘ಎಸ್’ ಅಕ್ಷರವನ್ನೇ ಕೂರಿಸಿದ್ದೂ ಉಂಟು. ಮೈಸೂರು ಸೀಮೆಯ ಓದುಗ ಮೊದಲ ಸಲ ಅದನ್ನು ಕಂಡಾಗ ಮುದ್ರಣದೋಷವೆಂದು ದಾಟಿಬಿಡುತ್ತಾನೆ. ಧಾರವಾಡದವರಿಗೆ ಮಾತ್ರ ಗುಟ್ಟು ಗೊತ್ತು: ಅಲ್ಲಿ ಅಕಾರವನ್ನು ತುಸು ಎಳೆಯಬೇಕು, ಆದರೆ ಅದು ‘ಆ’ ಆಗಿಬಿಡಬಾರದು. ಎಷ್ಟು ಎಳೆದರೆ ಸರಿ ಎಂಬುದನ್ನು ಯಾವ ವ್ಯಾಕರಣವೂ ಹೇಳಿಕೊಡುವುದಿಲ್ಲ. ಕೇಳಿಯೇ ಕಲಿಯಬೇಕು.

ಕವಿ ತನ್ನ ದನಿಯನ್ನು ಕಾಗದಕ್ಕೆ ಇಳಿಸಲು ಹೆಣಗಿದ್ದರ ಸಾಕ್ಷಿ ಆ ಗುರುತು. ಎಷ್ಟು ಹೆಣಗಿದರೂ ಪೂರಾ ಇಳಿಯುವುದಿಲ್ಲ. ಬರೆದವರೇ ಎದುರಿಗೆ ನಿಂತು ಓದಲಿ ಎಂದು ಜನ ಬಯಸುವುದು ಅದಕ್ಕೇ ಇರಬೇಕು. ಈಗ ಈ ಬಯಕೆಗೆ ಸಾಹಿತ್ಯೋತ್ಸವ, ಸಂವಾದ, ಲೇಖಕರ ಭೇಟಿ ಎಂದೆಲ್ಲ ಹೆಸರುಗಳಿವೆ. ವೇದಿಕೆಯ ಮೇಲೆ ಎರಡು ಕುರ್ಚಿ, ನಡುವೆ ಪುಟ್ಟ ಮೇಜು, ಮೇಜಿನ ಮೇಲೆ ನೀರಿನ ಬಾಟಲಿ. ಲೇಖಕರು ಸ್ವಲ್ಪ ಹೊತ್ತು ಓದುತ್ತಾರೆ, ಆಮೇಲೆ ‘ಇದನ್ನು ಬರೆದದ್ದು ಹೇಗೆ’ ಎಂಬ ಪ್ರಶ್ನೆಗೆ ಉತ್ತರಿಸುತ್ತಾರೆ. ಕೇಳಲು ಹೋದವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ಓದು ಬಚ್ಚಿಡಲಾರದ್ದನ್ನು ಮಾತು ಸಲೀಸಾಗಿ ಬಚ್ಚಿಡಬಲ್ಲದು.

1929ರಲ್ಲಿ ಬೆಳಗಾವಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ಮಾಸ್ತಿ. ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವನವನ್ನು ಬೇಂದ್ರೆ ಅಲ್ಲಿ ಓದಿದರು. ಯಾವ ಕವನವೆಂದು ಕನ್ನಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ಒಳಗೊಂಡ ‘ಗರಿ’ ಸಂಕಲನ ಬಂದದ್ದು 1932ರಲ್ಲಿ. ಬೆಳಗಾವಿಯಲ್ಲಿ ಆ ದಿನ ಕೂತಿದ್ದವರ ಪಾಲಿಗೆ ಬೇಂದ್ರೆ ಮೊದಲು ಒಂದು ದನಿ, ಪುಸ್ತಕವಾದದ್ದು ಆಮೇಲೆ. ಕೋಟು, ರುಮಾಲು, ಕೈಯಲ್ಲೊಂದು ಕೊಡೆ, ಓದುತ್ತ ಓದುತ್ತ ಮೈಯೆಲ್ಲ ಮಾತಾಡುವ ಭಂಗಿ: ಉತ್ತರ ಕರ್ನಾಟಕದ ಹಿರಿಯರು ಈಗಲೂ ಅವರನ್ನು ನೆನೆಯುವುದು ಹೀಗೆಯೇ. ಅದೇ ಬೇಂದ್ರೆ ತಮ್ಮ ಕಾವ್ಯವನ್ನು ವಿವರಿಸಲು ಹೊರಟರೆ ಕೊನೆಗಾಲದಲ್ಲಿ ಅಂಕಿಸಂಖ್ಯೆಗಳ ಕಾಡಿಗೆ ಕರೆದುಕೊಂಡು ಹೋಗುತ್ತಿದ್ದರು. 441 ಎಂಬ ಸಂಖ್ಯೆಯ ಮೇಲೆ ಅವರಿಗೆ ವಿಪರೀತ ಮೋಹ. ವಿವರಣೆ ಕೇಳಿ ತಲೆ ತುರಿಸಿಕೊಂಡವರಿಗೂ ಓದು ಕೇಳಿದಾಗ ಯಾವ ಗೊಂದಲವೂ ಇರುತ್ತಿರಲಿಲ್ಲ.

ದನಿ ಕಾಗದಕ್ಕೆ ಇಳಿಯದಿರುವುದೇನೂ ಅಚ್ಚಿನ ಯಂತ್ರ ಬಂದ ಮೇಲೆ ಹುಟ್ಟಿದ ತೊಡಕಲ್ಲ. ಕನ್ನಡ ಕಾವ್ಯ ಬಹುಕಾಲ ಬದುಕಿದ್ದೇ ಕಿವಿಯಲ್ಲಿ. ಗಮಕ ಎಂಬ ಕಲೆ ನಿಂತಿರುವುದು ಅದರ ಮೇಲೆ. ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ವ್ಯಾಖ್ಯಾನ ಮಾಡುತ್ತಾರೆ. ಶಿವಮೊಗ್ಗದ ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದಾಗ, ಗಮಕ ಎಂದರೇನೆಂದು ದೇಶದ ಉಳಿದ ಭಾಗಕ್ಕೆ ಹೇಳಿಕೊಡುವ ಕೆಲಸ ಪತ್ರಕರ್ತರ ಪಾಲಿಗೆ ಬಂತು. ಸಂಗೀತವೇ? ಪೂರ್ತಿ ಅಲ್ಲ. ಬರೀ ಓದೇ? ಅದೂ ಅಲ್ಲ. ರಾಗ ಉಂಟು, ಆದರೆ ಪದ ಒಡೆಯುವ ಹಾಗಿಲ್ಲ, ಅರ್ಥ ಮಸುಕಾಗುವ ಹಾಗಿಲ್ಲ.

ಭಾಮಿನಿ ಷಟ್ಪದಿಯನ್ನೇ ತೆಗೆದುಕೊಳ್ಳಿ. ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಕೈಕೈ ಹಿಡಿದು ನಡೆಯುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ತಲಾ 14 ಮಾತ್ರೆ. ಮೂರನೆಯದು ಮತ್ತು ಆರನೆಯದು ಮಾತ್ರ ಒಂದೂವರೆ ಪಟ್ಟು ಉದ್ದಕ್ಕೆ ಓಡಿ ಕೊನೆಯ ಒಂದು ಗುರುವಿನ ಮೇಲೆ ಬಂದು ನಿಲ್ಲುತ್ತವೆ. ಕಣ್ಣಲ್ಲಿ ಓದುವವನಿಗೆ ಇದು ಶಾಲೆಯ ಛಂದಸ್ಸಿನ ಲೆಕ್ಕ. ಬಾಯಲ್ಲಿ ಓದುವವನಿಗೆ ಉಸಿರಿನ ಲೆಕ್ಕ. ಗಮಕಿ ಆ ಗುರುವಿನ ಮೇಲೆ ದನಿ ನಿಲ್ಲಿಸಿದಾಗಲೇ ಸಭೆಯೂ ಉಸಿರು ಬಿಡುತ್ತದೆ.

ಆ ಷಟ್ಪದಿಯ ದೊರೆ ಕುಮಾರವ್ಯಾಸ ತಾನು ಬರೆಯುವ ಬಗೆಯನ್ನೂ ಹೇಳಿಕೊಂಡಿದ್ದಾನೆ. ಹಲಗೆ ಬಳಪ ಮುಟ್ಟಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ, ಇನ್ನೊಬ್ಬರ ದಾರಿ ಹಿಡಿಯಲಿಲ್ಲ, ಓಲೆಯ ಮೇಲೆ ಲೇಖನಿಯ ಸದ್ದು ನಿಲ್ಲಲೇ ಇಲ್ಲ, ಇದು ಅವನು ಹೇಳಿಕೊಳ್ಳುವ ಹೆಗ್ಗಳಿಕೆ. ಇನ್ನೊಂದು ಕಡೆ ಗದುಗಿನ ವೀರನಾರಾಯಣನೇ ಕವಿ, ತಾನು ಬರೀ ಬರೆದುಕೊಂಡವನು ಎಂದೂ ಅನ್ನುತ್ತಾನೆ. ಗದುಗಿನ ಜನ ಹೇಳುವ ಕಥೆಯೇ ಬೇರೆ. ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಬಂದು ದೇವಸ್ಥಾನದ ಕಂಬಕ್ಕೊರಗಿ ಕೂರುತ್ತಿದ್ದನಂತೆ; ಬಟ್ಟೆ ಆರುವವರೆಗೆ ಕಾವ್ಯ ಹರಿಯುತ್ತಿತ್ತಂತೆ, ಆರಿದ ಮೇಲೆ ಒಂದಕ್ಷರವೂ ಇಲ್ಲವಂತೆ. ಆ ಕಂಬವನ್ನು ಈಗಲೂ ತೋರಿಸುತ್ತಾರೆ. ಅಹಂಕಾರ, ವಿನಯ, ಐತಿಹ್ಯ, ಮೂರೂ ಒಬ್ಬನೇ ಕವಿಯ ಬಗ್ಗೆ. ಯಾವುದನ್ನು ನಂಬುವುದು? ಮೂರನ್ನೂ ಕಥೆಯಾಗಿ ಸವಿಯಬಹುದು. ಆದರೆ ಅವನ ನಡಿಗೆ ಗೊತ್ತಾಗಬೇಕಾದರೆ ನಾಲ್ಕು ಪದ್ಯ ಗಟ್ಟಿಯಾಗಿ ಓದಿಸಿ ಕೇಳಲೇಬೇಕು.

ಕಳೆದ ಶತಮಾನದ ನಡುವಿನಲ್ಲಿ ಕನ್ನಡ ಕವನ ಬಾಯಿ ಮುಚ್ಚಿಕೊಂಡಿತು. ಹೀಗೆಂದರೆ ನವ್ಯದವರು ಒಪ್ಪಲಿಕ್ಕಿಲ್ಲ. ಗೋಪಾಲಕೃಷ್ಣ ಅಡಿಗರ ಸಂಕಲನಗಳ ಹೆಸರು ‘ಚಂಡೆಮದ್ದಳೆ’ (1954), ‘ಭೂಮಿಗೀತ’ (1959). ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ಗೀತ. ಒಳಗಿರುವ ಕವನಗಳು ಮಾತ್ರ ಹಾಡುಗಾರನ ಕೈಗೆ ಸುಲಭವಾಗಿ ಸಿಗುವಂಥವಲ್ಲ. ಆಡುಮಾತಿನ ಏರಿಳಿತ, ವ್ಯಂಗ್ಯದ ಕೊಂಕು, ನಡುವೆ ತುಂಡಾಗುವ ವಾಕ್ಯ ಇವೆಲ್ಲ ಓದಿನ ದನಿಯನ್ನೇ ಬೇಡುತ್ತವೆ, ರಾಗವನ್ನಲ್ಲ. ಅತ್ತ ಸುಗಮ ಸಂಗೀತ ಬೇರೆ ದಾರಿಯಲ್ಲಿ ದೌಡಾಯಿಸಿತು. 1978ರಲ್ಲಿ ನಿಸಾರ್ ಅಹಮದ್ ಅವರ ಗೀತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಅಡುಗೆಮನೆಗೂ ಬಸ್ಸಿಗೂ ಹೊಕ್ಕಿತು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ನಡೆಸಿದಾಗ ಕವನ ಕೇಳಲು ಜನಜಾತ್ರೆಯೇ ನೆರೆಯಿತು. ಕವಿತೆಯನ್ನು ಹಾಡಿ ಕೆಡಿಸಿದರು ಎಂದು ಒಂದು ಬಣ, ಹಾಡಿದ್ದಕ್ಕೇ ಉಳಿಯಿತು ಎಂದು ಇನ್ನೊಂದು ಬಣ. ಈ ಜಗಳ ಈಗಲೂ ಮುಗಿದಿಲ್ಲ, ಮುಗಿಯುವುದೂ ಬೇಡ.

ಜಗಳದ ನಡುವೆಯೇ ಘೋಡಗೇರಿಯಿಂದ ಬಂದ ಒಬ್ಬ ಕವಿ ತಾನೇ ಹಾಡತೊಡಗಿದರು. ಚಂದ್ರಶೇಖರ ಕಂಬಾರರ ನೀಳ್ಗವನದ ಹೆಸರೇ ‘ಹೇಳತೇನ ಕೇಳ’. ಹೇಳುವವನೂ ಕೇಳುವವನೂ ಶೀರ್ಷಿಕೆಯಲ್ಲೇ ಎದುರುಬದುರು ಕೂತಿದ್ದಾರೆ. ಲಾವಣಿಯ ಧಾಟಿ ಹಿಡಿದು ಕಂಬಾರರು ವೇದಿಕೆಯಲ್ಲಿ ದನಿ ಎತ್ತಿದರೆ, ಪುಟದ ಮೇಲೆ ಅಡ್ಡಾದಿಡ್ಡಿ ಅನ್ನಿಸಿದ ಸಾಲುಗಳು ತಾವಾಗಿ ತಾಳಕ್ಕೆ ಕೂರುತ್ತವೆ.

ಗದ್ಯಕ್ಕೂ ಇದು ಸಲ್ಲುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದಾದ ಮೇಲೂ ‘ಅರ್ಥವಾಗುವುದಿಲ್ಲ’ ಎಂಬ ದೂರು ನಿಲ್ಲಲಿಲ್ಲ. ನಂಜನಗೂಡು ಸೀಮೆಯ ಆಡುಮಾತು ಅದು. ಕಣ್ಣಿಂದ ಓದಿದರೆ ಪ್ರತಿ ಪದಕ್ಕೂ ಎಡವಬೇಕು. ಆ ಕಡೆಯವರೊಬ್ಬರು ಗಟ್ಟಿಯಾಗಿ ಓದಿದರೆ ಮಾತು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ವಿದ್ವಾಂಸ ಎಲ್. ಬಸವರಾಜು ಆ ಗದ್ಯದೊಳಗಿನ ಲಯ ಹಿಡಿದು ಅದನ್ನು ಪದ್ಯದ ಸಾಲುಗಳಂತೆ ಬಿಡಿಸಿಟ್ಟದ್ದೂ ಉಂಟು. ಬರೆದವರೋ ಮೈಕು ಕಂಡರೆ ಮಾರು ದೂರ. ವೇದಿಕೆಗೆ ಬಂದರೂ ತಮ್ಮ ಬರವಣಿಗೆಯ ಬಗ್ಗೆ ಹೇಳುವುದಕ್ಕಿಂತ ಬೇರೆ ಮಾತಾಡುವುದೇ ಹೆಚ್ಚು.

ಬರೆದದ್ದು ಹೇಗೆಂದು ಸೊಗಸಾಗಿ ಹೇಳಬಲ್ಲವರೂ ಕನ್ನಡದಲ್ಲಿದ್ದರು. ಮೊದಲ ಹೆಸರು ಯು.ಆರ್. ಅನಂತಮೂರ್ತಿಯವರದು. ‘ಸಂಸ್ಕಾರ’ ಹುಟ್ಟಿದ ಕಥೆಯನ್ನು ಅವರು ಹಲವು ಸಲ ಹೇಳಿದ್ದಾರೆ. ಅರವತ್ತರ ದಶಕದ ಬರ್ಮಿಂಗ್‌ಹ್ಯಾಮ್, ಸಂಶೋಧನೆಗೆ ಹೋಗಿದ್ದ ತರುಣ. ಗುರು, ಕಾದಂಬರಿಕಾರ ಮಾಲ್ಕಮ್ ಬ್ರಾಡ್‌ಬರಿ ಜೊತೆ ಇಂಗ್‌ಮಾರ್ ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ನೋಡುತ್ತಾರೆ. ಸ್ವೀಡಿಷ್ ಚಿತ್ರ, ಕೆಳಗೆ ಅನುವಾದದ ಸಾಲುಗಳಿಲ್ಲ. ಯುರೋಪಿನವರು ಮಧ್ಯಯುಗವನ್ನು ಓದಿ ತಿಳಿಯಬೇಕು, ತನ್ನಂಥವನ ಒಳಗೆ ಅದು ಇನ್ನೂ ಬದುಕಿದೆ ಎಂದು ಹೊರಗೆ ಬಂದು ಅವರಿಗೆ ಹೇಳುತ್ತಾರೆ. ಹಾಗಾದರೆ ಅದನ್ನೇ ಬರೆ ಎಂದು ಬ್ರಾಡ್‌ಬರಿ ಹುರಿದುಂಬಿಸುತ್ತಾರೆ. 1965ರಲ್ಲಿ ಕಾದಂಬರಿ ಬಂತು. ಈ ಪ್ರಸಂಗಕ್ಕೆ ಒಳ್ಳೆಯ ಸಣ್ಣಕಥೆಯ ಕಟ್ಟು ಇದೆ: ಪರದೇಶ, ಅರ್ಥವಾಗದ ಭಾಷೆ, ತಟ್ಟನೆ ಕಂಡ ಸ್ವಂತ ಅಗ್ರಹಾರ. ನಡೆದದ್ದು ನಿಜವೇ. ಆದರೆ ನುರಿತ ಕಥೆಗಾರ ಹತ್ತಾರು ಸಲ ಹೇಳಿದ ಯಾವ ಪ್ರಸಂಗವೂ ಒಂದಿಷ್ಟು ಹೊಳಪು ಪಡೆದುಕೊಂಡೇ ತೀರುತ್ತದೆ.

ಭೈರಪ್ಪನವರದು ಇನ್ನೊಂದೇ ಬಗೆ. ‘ನಾನೇಕೆ ಬರೆಯುತ್ತೇನೆ?’ ಎಂದು ಒಂದು ಪುಸ್ತಕವನ್ನೇ ಬರೆದರು. ‘ಪರ್ವ’ಕ್ಕಾಗಿ ಊರೂರು ಸುತ್ತಿದ್ದು, ಅಣ್ಣತಮ್ಮಂದಿರಿಗೆಲ್ಲ ಒಬ್ಬಳೇ ಹೆಂಡತಿಯಾಗುವ ಪದ್ಧತಿ ಉಳಿದಿದ್ದ ಹಿಮಾಲಯದ ಹಳ್ಳಿಗಳನ್ನು ಹುಡುಕಿಕೊಂಡು ಹೋದದ್ದು, ಇಂಥ ತಯಾರಿಯ ವಿವರ ಅವರ ಮಾತಿನಲ್ಲಿ ಧಾರಾಳ. ಮುಂಬೈಯ ಬಾಂದ್ರಾದಲ್ಲಿ ಕೂತು ಹನೇಹಳ್ಳಿಯನ್ನು ಬರೆದ ಯಶವಂತ ಚಿತ್ತಾಲರೂ ಸೃಜನಶೀಲತೆಯ ಬಗ್ಗೆ ಬೇಕಾದಷ್ಟು ಯೋಚಿಸಿ ಬರೆದವರು. ಆದರೆ ತಯಾರಿ ತಿಳಿದ ಮಾತ್ರಕ್ಕೆ ಅಡುಗೆಯ ರುಚಿ ತಿಳಿಯಿತು ಅನ್ನುವ ಹಾಗಿಲ್ಲ.

ಒಂದೇ ಒಂದು ಮಾತು ದಿಕ್ಕನ್ನೇ ಬದಲಿಸಿದ್ದೂ ಇದೆ. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಿದ್ದಾಗ ಕುಪ್ಪಳಿಯ ವಿದ್ಯಾರ್ಥಿ ಪುಟ್ಟಪ್ಪ ತನ್ನ ಇಂಗ್ಲಿಷ್ ಕವನಗಳನ್ನು ಒಯ್ದು ತೋರಿಸಿದ. ಹೊಗಳಿಕೆಯ ಆಸೆ ಇತ್ತು. ಸಿಕ್ಕಿದ್ದು, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂಬ ಪ್ರಶ್ನೆ. ಹುಡುಗನಿಗೆ ಆಗ ಮುಖ ಸಪ್ಪಗಾಯಿತು. ಕನ್ನಡಕ್ಕೆ ಕುವೆಂಪು ಸಿಕ್ಕರು.

ಇನ್ನು ನಮ್ಮ ಕವಿಗೋಷ್ಠಿಗಳ ಮಾತು. ಶಾಮಿಯಾನದ ಹಿಂದೆ ಜನರೇಟರ್ ಗುರುಗುಟ್ಟುತ್ತಿರುತ್ತದೆ. ಪಟ್ಟಿಯಲ್ಲಿ ಇಪ್ಪತ್ತೈದು ಹೆಸರು, ಉದ್ಘಾಟನೆಯೇ ಒಂದು ಗಂಟೆ ತಡ. ‘ಸಮಯದ ಅಭಾವದಿಂದ ಒಂದೇ ಕವನ, ಎರಡೇ ನಿಮಿಷ’ ಎಂದು ನಿರೂಪಕರು ಸಾರಿದ ಮೇಲೆ ಬಂದ ಕವಿ, ಕವನ ಹುಟ್ಟಿದ ಸಂದರ್ಭ ವಿವರಿಸಲು ಮೂರು ನಿಮಿಷ ತೆಗೆದುಕೊಳ್ಳುತ್ತಾರೆ. ಅಧ್ಯಕ್ಷರ ಕೈಯಿಂದ ಚೀಟಿ ಹೋಗುತ್ತದೆ. ಚೀಟಿ ನೋಡಿದ ಕವಿ ಅದನ್ನು ಮಡಚಿ ಜೇಬಿಗಿಟ್ಟು ಎರಡನೆಯ ಕವನಕ್ಕೆ ಕೈ ಹಾಕುತ್ತಾರೆ. ಈಚೆಗೆ ಕಾಗದದ ಬದಲು ಮೊಬೈಲ್. ಸರಿಯಾಗಿ ಕೊನೆಯ ಸಾಲಿಗೆ ಪರದೆ ಕಪ್ಪಾಗುತ್ತದೆ, ಕವಿ ಬೆರಳಿಂದ ತಿವಿಯುವಾಗ ಸಭೆ ಅದನ್ನೇ ಅರ್ಥಗರ್ಭಿತ ಮೌನವೆಂದು ತಿಳಿದು ಚಪ್ಪಾಳೆ ತಟ್ಟುತ್ತದೆ. ನಗು ಬರುತ್ತದೆ, ನಿಜ. ಆದರೂ ಮೈಸೂರು ದಸರೆಯ ಕವಿಗೋಷ್ಠಿಗೆ ಆಹ್ವಾನ ಬಂದರೆ ಎಷ್ಟೋ ಕವಿಗಳಿಗೆ ಇವತ್ತಿಗೂ ಅದು ಮನೆಮಂದಿಗೆಲ್ಲ ಫೋನ್ ಮಾಡಿ ಹೇಳುವ ಸುದ್ದಿ.

ಸಾವಧಾನದ ಜಾಗಗಳೂ ಇವೆ. ಹೆಗ್ಗೋಡಿನ ನೀನಾಸಮ್ ಸಂಸ್ಕೃತಿ ಶಿಬಿರದಲ್ಲಿ ಓದಿದವರು ಓದಿ ಎದ್ದುಹೋಗುವಂತಿಲ್ಲ; ಊಟದ ಸಾಲಿನಲ್ಲೂ ಪ್ರಶ್ನೆಗಳು ಹಿಂಬಾಲಿಸುತ್ತವೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ‘ಕವಿಸಂಧಿ’, ‘ಕಥಾಸಂಧಿ’ಗಳಲ್ಲಿ ಒಬ್ಬರೇ ಲೇಖಕರು, ಅವರದೇ ಹೊತ್ತು. 2013ರಲ್ಲಿ ಗಿರಡ್ಡಿ ಗೋವಿಂದರಾಜರ ಮುಂದಾಳತ್ವದಲ್ಲಿ ಶುರುವಾದ ಧಾರವಾಡ ಸಾಹಿತ್ಯ ಸಂಭ್ರಮದ ಆಸೆಯೂ ಗಡಿಬಿಡಿಯಿಲ್ಲದೆ ಕೂತು ಕೇಳಿಸುವುದೇ. ಅದೇ ಧಾರವಾಡದಲ್ಲಿ 1950ರ ಜನವರಿ 8ರಂದು ಆಕಾಶವಾಣಿ ಕೇಂದ್ರ ಆರಂಭವಾಯಿತು, ಮುಂದೆ ಬೇಂದ್ರೆಯವರೇ ಅದರ ಸಲಹೆಗಾರರಾಗಿದ್ದರು. ಅವರ ದನಿ ನಮಗೆ ಉಳಿದದ್ದು ಅಂಥ ಧ್ವನಿಮುದ್ರಣಗಳಿಂದ. ಪುಸ್ತಕ ಒಂದು ಕೈಯಲ್ಲಿ, ಇಯರ್‌ಫೋನು ಕಿವಿಯಲ್ಲಿ ಇಟ್ಟುಕೊಂಡು ಕೂತರೆ ಆ ಸೊಟ್ಟ ಗುರುತು ಇರುವಲ್ಲೆಲ್ಲ ದನಿ ಬಾಗುವುದನ್ನು ಈಗಲೂ ಕೇಳಬಹುದು.

2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ ಅವರಿಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದಾಗ ದನಿಯನ್ನು ಪುಟಕ್ಕೆ ಇಳಿಸುವ ಇದೇ ಪ್ರಶ್ನೆ ಬೇರೆ ವೇಷದಲ್ಲಿ ಎದ್ದಿತು. ಅನುವಾದಕ್ಕೂ ಉಚ್ಚಾರದ ಸೊಗಡು ಇರಬೇಕು ಎಂಬುದು ದೀಪಾ ಅವರ ಹಟ. ಹಾಗಾಗಿ ಕನ್ನಡ, ಉರ್ದು, ಅರಬ್ಬಿ ಪದಗಳು ‘ಹಾರ್ಟ್ ಲ್ಯಾಂಪ್’ ಪುಸ್ತಕದಲ್ಲಿ ಓರೆ ಅಕ್ಷರವಿಲ್ಲದೆ, ಅಡಿಟಿಪ್ಪಣಿಯಿಲ್ಲದೆ ನೆಟ್ಟಗೆ ನಿಂತವು. ಹಾಸನದ ಓಣಿಯ ಮಾತಿನ ಎಳೆತವನ್ನು ಇಂಗ್ಲಿಷ್ ಪುಟಕ್ಕೆ ದಾಟಿಸುವುದೂ ಅವಗ್ರಹ ಹಾಕುವಂಥದೇ ಕೆಲಸ.

ಇಷ್ಟೆಲ್ಲದರ ನಡುವೆ ವೇದಿಕೆಯ ಸಹವಾಸವೇ ಬೇಡವೆಂದು ಕೂತವರೊಬ್ಬರಿದ್ದರು. ಪೂರ್ಣಚಂದ್ರ ತೇಜಸ್ವಿ ನವ್ಯದಿಂದ ಬೇರೆಯಾಗುವ ಮಾತನ್ನು 1973ರ ‘ಅಬಚೂರಿನ ಪೋಸ್ಟಾಫೀಸು’ ಮುನ್ನುಡಿಯಲ್ಲಿ ಒಮ್ಮೆ ಖಡಾಖಂಡಿತವಾಗಿ ಹೇಳಿ, ಆಮೇಲೆ ಗಾಳ, ಕ್ಯಾಮೆರಾ, ಹಕ್ಕಿಗಳ ಕಡೆ ನಡೆದರು. ಸನ್ಮಾನ, ಭಾಷಣ, ಗೋಷ್ಠಿಗಳಿಂದ ಆದಷ್ಟು ದೂರ. ಆದರೂ ನೀವು ಹೇಗೆ ಬರೆಯುತ್ತೀರಿ ಎಂದು ಕೇಳುವ ಆಸೆಯಿಂದ ಜನ ಬಸ್ಸು ಹತ್ತಿ ಮೂಡಿಗೆರೆಗೆ ಹೋಗುತ್ತಲೇ ಇದ್ದರು. ಕಾಫಿ ತೋಟದ ನಡುವಿನ ಆ ಮನೆಗೆ ಅವರು ಇಟ್ಟ ಹೆಸರು ‘ನಿರುತ್ತರ’.