ತಪ್ಪಿನ ಅರಿವು, ಅಂತಃಸಾಕ್ಷಿಯ ತೀರ್ಪು

ಪಾಪನಿವೇದನೆಯನ್ನು ಆಲಿಸುವ ಗುರುವಿನ ಬಳಿಗೆ ಎರಡು ಬಗೆಯ ಮನಸ್ಸುಗಳು ಬರುತ್ತವೆ. ಗಂಭೀರ ಅಪರಾಧ ಮಾಡಿಯೂ ನೋವನ್ನರಿಯದ ಮನಸ್ಸು ಒಂದು. ಕ್ಷಮೆ ದೊರೆತ ಪಾಪವನ್ನೇ ಮರುವಾರ ಮತ್ತೆ ನಿವೇದಿಸುವ ಮನಸ್ಸು ಇನ್ನೊಂದು. 'ತಪ್ಪಾಯಿತು' ಎಂಬ ಅನಿಸಿಕೆಯೇ ಪಾಪದ ಅಳತೆಗೋಲಾದರೆ ಮೊದಲನೆಯವರು ನೀತಿವಂತರು, ಎರಡನೆಯವರು ಮಹಾಪಾಪಿಗಳು ಎಂದಾಗಿಬಿಡುತ್ತದೆ. ಆ ಅನಿಸಿಕೆ ಹೇಗೆ ಹುಟ್ಟುತ್ತದೆ, ಅಂತಃಸಾಕ್ಷಿಯ ತೀರ್ಪಿಗಿಂತ ಅದು ಹೇಗೆ ಬೇರೆ ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಗ್ರಹಿಕೆ ಮತ್ತು ಕ್ರಿಯೆ

ಕಣ್ಣು ಕಿವಿಗಳು ತಂದದ್ದನ್ನು ಮನಸ್ಸು ಇದ್ದಂತೆಯೇ ಸ್ವೀಕರಿಸುವುದಿಲ್ಲ. ಮುಂದೇನು ಬರಲಿದೆ ಎಂದು ಮೊದಲೇ ಊಹಿಸಿ, ಬಂದದ್ದನ್ನು ಆ ಊಹೆಯೊಡನೆ ಹೋಲಿಸುತ್ತದೆ. ಗ್ರಹಿಕೆಯೆಂಬುದು ನಮಗರಿವಿಲ್ಲದೆ ನಡೆಯುವ ಊಹೆಯೆಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೆಯ ಶತಮಾನದಲ್ಲೇ ಪ್ರತಿಪಾದಿಸಿದ್ದರು. ವಿಜಯನಗರದಿಂದ ಕೆಂಗೇರಿಗೆ ನಿತ್ಯವೂ ಮೆಟ್ರೋದಲ್ಲಿ ಹೋಗುವವರು ಗದ್ದಲದಲ್ಲಿ ಅರ್ಧ ಕೇಳಿಸಿದ ಘೋಷಣೆಯನ್ನೂ ಪೂರ್ತಿ ಕೇಳಿದೆವೆಂದೇ ಭಾವಿಸುತ್ತಾರೆ. ನಿಲ್ದಾಣ ಬರುವ ಮೊದಲೇ ಅವರ ಕಾಲುಗಳು ದೇಹದ ಭಾರವನ್ನು ಹೊಂದಿಸಿಕೊಂಡಿರುತ್ತವೆ. ಗ್ರಹಿಕೆ, ಕ್ರಿಯೆ ಎರಡನ್ನೂ ನಡೆಸುವುದು ಒಂದೇ ನಿರೀಕ್ಷೆ. ಸಂತ ತೋಮಸ್ ಅಕ್ವಿನಾಸರೂ ಐದು ಬಾಹ್ಯೇಂದ್ರಿಯಗಳಲ್ಲದೆ ಕಲ್ಪನೆ, ಸ್ಮರಣೆ ಮೊದಲಾದ ನಾಲ್ಕು ಅಂತರಿಂದ್ರಿಯಗಳನ್ನು ಹೆಸರಿಸಿದ್ದಾರೆ.

ತಪ್ಪಿನ ಸಂಕೇತ

ನಿರೀಕ್ಷೆಗೂ ನಡೆದದ್ದಕ್ಕೂ ತಾಳೆಯಾಗದಿದ್ದಾಗ ಮಿದುಳು ಎಚ್ಚರಿಸುತ್ತದೆ. ಬಲಿಪೂಜೆಯಲ್ಲಿ ವಾಚನ ಓದುವವರು ಪದವೊಂದನ್ನು ತಪ್ಪಿದರೆ, ಯಾರೂ ತಿದ್ದುವ ಮೊದಲೇ ತಡವರಿಸಿ ನಿಲ್ಲುತ್ತಾರೆ. ಸರಳ ಪರೀಕ್ಷೆಗಳಲ್ಲಿ ತಪ್ಪು ಗುಂಡಿ ಒತ್ತಿದವರ ಮಿದುಳಿನಲ್ಲಿ ಸುಮಾರು 100 ಮಿಲಿಸೆಕೆಂಡುಗಳೊಳಗೆ ಏಳುವ ವಿಶಿಷ್ಟ ವಿದ್ಯುತ್ ಅಲೆಯೊಂದನ್ನು ಸಂಶೋಧಕರು 1990ರ ದಶಕದ ಆರಂಭದಲ್ಲಿ ಗುರುತಿಸಿದರು. ಗೀಳು ರೋಗವುಳ್ಳವರಲ್ಲಿ ಈ ಅಲೆ ದೊಡ್ಡದಾಗಿರುವುದನ್ನು ಹಲವು ಅಧ್ಯಯನಗಳು ತೋರಿಸಿವೆ. ಬಾಗಿಲಿಗೆ ಬೀಗ ಹಾಕಿದ್ದನ್ನು ಕಣ್ಣಾರೆ ಕಂಡರೂ ಅವರೊಳಗಿನ ಎಚ್ಚರಿಕೆ ನಿಲ್ಲುವುದಿಲ್ಲ. ಈ ರೋಗವು ಧಾರ್ಮಿಕ ರೂಪ ತಾಳಿದಾಗ ದೇವದೂಷಣೆ, ಅಶುದ್ಧ ಯೋಚನೆ, ಅಪೂರ್ಣ ನಿವೇದನೆಗಳ ಭಯವೇ ಮರುಕಳಿಸುತ್ತದೆ.

ಅಂತಃಸಾಕ್ಷಿ

ಅಕ್ವಿನಾಸರ ಪ್ರಕಾರ ಅಂತಃಸಾಕ್ಷಿಯು ನಮ್ಮ ಅರಿವನ್ನು ನಾವು ಮಾಡಿದ ಅಥವಾ ಮಾಡಲಿರುವ ಕಾರ್ಯಕ್ಕೆ ಅನ್ವಯಿಸುವ ಬುದ್ಧಿಯ ಕ್ರಿಯೆ. ಮೇಲೆ ಹೇಳಿದ ಸಂಕೇತವಾದರೋ ಬುದ್ಧಿ ವಿಚಾರಿಸುವ ಮೊದಲೇ, ಇಚ್ಛೆಯ ಸಮ್ಮತಿಯಿಲ್ಲದೆಯೇ ಮೊಳಗುತ್ತದೆ. ಮಾರಕ ಪಾಪಕ್ಕೆ ಗಂಭೀರ ವಿಷಯ, ಪೂರ್ಣ ಅರಿವು, ಉದ್ದೇಶಪೂರ್ವಕ ಸಮ್ಮತಿ ಈ ಮೂರೂ ಬೇಕೆಂದು ಧರ್ಮೋಪದೇಶ ಗ್ರಂಥ (1857) ಬೋಧಿಸುತ್ತದೆ. ಭಯ, ಅಭ್ಯಾಸ ಹಾಗೂ ಮಾನಸಿಕ ಕಾರಣಗಳು ಹೊಣೆಗಾರಿಕೆಯನ್ನು ತಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಬಲ್ಲವು ಎಂದೂ ಅದು (1735) ಹೇಳುತ್ತದೆ. ಅಳುಕು ಈ ಮೂರರಲ್ಲಿ ಯಾವುದೂ ಅಲ್ಲ. ಅಳುಕಿಲ್ಲದಿರುವುದು ನಿರ್ದೋಷಿತ್ವದ ಪುರಾವೆಯೂ ಅಲ್ಲ.

ಮನ್ರೇಸಾದ ಪಾಠ

1522ರಲ್ಲಿ ಸ್ಪೇನಿನ ಮನ್ರೇಸಾಕ್ಕೆ ಬಂದ ಸಂತ ಇಗ್ನೇಷಿಯಸ್ ಲೊಯೋಲಾ ಅಲ್ಲಿ ಇಂಥ ಅತಿಸಂಶಯಕ್ಕೆ ಸಿಲುಕಿ, ಪ್ರಾಣ ಕಳೆದುಕೊಳ್ಳುವ ಪ್ರಲೋಭನೆಗೂ ಒಳಗಾದರು. ತೀರ ಸ್ಪಷ್ಟವಾದುದನ್ನು ಬಿಟ್ಟು ಹಳೆಯದೇನನ್ನೂ ನಿವೇದಿಸಬಾರದೆಂದು ಅವರ ಗುರು ಆದೇಶಿಸಿದರು. ಅದು ಫಲಿಸಲಿಲ್ಲ, ಏಕೆಂದರೆ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದೇ ಇಲ್ಲವೆಂದು ನಿಶ್ಚಯಿಸಿದ ಮೇಲೆ ಅವರು ಬಿಡುಗಡೆ ಹೊಂದಿದರು. ಶಿಲುಬೆಯಾಕಾರದಲ್ಲಿ ಬಿದ್ದ ಹುಲ್ಲುಕಡ್ಡಿಗಳನ್ನು ಆಕಸ್ಮಿಕವಾಗಿ ತುಳಿದವನು ಅದನ್ನು ಪಾಪವೆಂದು ತೀರ್ಮಾನಿಸುವುದು ಬೇರೆ, ಪಾಪ ಹೌದೋ ಅಲ್ಲವೋ ಎಂದು ತೊಳಲುವುದು ಬೇರೆ ಎಂದು ಅವರು 'ಆಧ್ಯಾತ್ಮಿಕ ಸಾಧನೆಗಳು' ಕೃತಿಯಲ್ಲಿ ವಿಂಗಡಿಸಿದರು. ಮೊದಲನೆಯದನ್ನು ಬೋಧನೆಯಿಂದ ತಿದ್ದಬಹುದು. ಎರಡನೆಯದು ವಾದಕ್ಕೆ ಮಣಿಯುವುದಿಲ್ಲ.

ಆದುದರಿಂದ ಅತಿಸಂಶಯಿಗಳಿಗೆ ಷರತ್ತಿಲ್ಲದ, ಸ್ಪಷ್ಟವಾದ, ಮೃದುವಾದ ಆದೇಶ ಬೇಕು. ಒಬ್ಬರೇ ಗುರುವಿನ ಮಾರ್ಗದರ್ಶನದಲ್ಲಿರುವುದು ಲೇಸು. ಕೇಳಿದಾಗಲೆಲ್ಲ 'ಪಾಪವಲ್ಲ' ಎಂದು ಭರವಸೆ ನೀಡುತ್ತಿದ್ದರೆ ಗೀಳು ಬಲಿಯುತ್ತದೆ. ವೈದ್ಯರ ಚಿಕಿತ್ಸಾಕ್ರಮವೂ ಮರುಪರೀಕ್ಷೆಯ ಚಟವನ್ನು ತಡೆಯುವುದೇ ಆಗಿದೆ. ಇಂಥವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ರೋಗದ ಪ್ರತ್ಯೇಕ ಚಿಕಿತ್ಸಾಲಯವಿದೆ. ನಿವೇದನೆಯ ಗೌಪ್ಯಕ್ಕೆ ಬದ್ಧನಾದ ಗುರು ಮನೆಯವರಿಗಾಗಲಿ ವೈದ್ಯರಿಗಾಗಲಿ ತಾನೇ ತಿಳಿಸುವಂತಿಲ್ಲ. ಹೋಗುವಂತೆ ಆ ವ್ಯಕ್ತಿಯ ಮನವೊಲಿಸಬೇಕು. ನೋವನ್ನರಿಯದವರಿಗಾದರೋ ತಮ್ಮಿಂದ ನೊಂದವರ ಮುಖವನ್ನು ಕಾಣಿಸಬೇಕು.

ಯೂದನ ಪರಿತಾಪವನ್ನು ಹೇಳುವಾಗ ಮತ್ತಾಯನು 'ಮೆತನೊಇಯ', ಅಂದರೆ ಮನಪರಿವರ್ತನೆ, ಎಂಬುದಕ್ಕೆ ಸಂಬಂಧಿಸಿದ ಪದವನ್ನು ಬಳಸದೆ ಬೇರೆ ಗ್ರೀಕ್ ಪದವನ್ನು ಬಳಸಿದ್ದಾನೆ. ಯೂದನೂ ಪೇತ್ರನೂ ತಮ್ಮ ತಪ್ಪನ್ನು ಅರಿತರು. ಯೂದನು ಮಹಾಯಾಜಕರ ಬಳಿಗೆ ಹೋದನು. ಅವರು ಅವನನ್ನು ಕೈಬಿಟ್ಟರು. ಪೇತ್ರನ ಕಡೆಗೆ ಪ್ರಭುವೇ ತಿರುಗಿ ನೋಡಿದರೆಂದು ಲೂಕನು ಬರೆಯುತ್ತಾನೆ. ತಪ್ಪನ್ನರಿತು ನಡುಗುವವರು ನಮ್ಮ ಬಳಿಗೆ ಬಂದಾಗ ಅವರಿಗೆ ದೊರೆಯಬೇಕಾದುದು ಆ ನೋಟ.