ಗುಡ್ಡದ ತೋಟಕ್ಕೆ ಫೋರ್ ಬೈ ಫೋರ್: ಮ್ಯಾನ್ಯುಯಲ್ ಗೇರಾ, ಆಟೋಮ್ಯಾಟಿಕ್ಕಾ?

"ಅಕ್ಕಾ, ಜಿಮ್ನಿ ಬುಕ್ ಮಾಡ್ತಾ ಇದೀನಿ. ಆಟೋಮ್ಯಾಟಿಕ್ ತಗೊಂಡ್ರೆ ತೋಟದ ರಸ್ತೆಗೆ ಆಗುತ್ತಾ? ಎಲ್ರೂ ಬೇಡ ಅಂತಿದಾರೆ."

ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ ಹುಡುಗನೊಬ್ಬ ಹೋದ ವಾರ ಫೋನ್ ಮಾಡಿ ಕೇಳಿದ. ನಾನು ಅವನನ್ನ ತಿರುಗಿ ಕೇಳಿದ್ದು ಒಂದೇ: "ನಿನ್ನ ಲೋಡು ಗುಡ್ಡ ಹತ್ತುತ್ತೋ, ಇಳಿಯುತ್ತೋ?"

ಅವನಿಗೆ ತಮಾಷೆ ಅನ್ನಿಸಿತು. ಆದರೆ ಗುಡ್ಡದ ತೋಟದವರಿಗೆ ಗೇರ್‌ಬಾಕ್ಸ್ ಆರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ. ಅದಕ್ಕೆ ಬರುವ ಮುಂಚೆ ಇನ್ನೊಂದು ವಿಷಯ ಖಚಿತ ಮಾಡಿಕೊಳ್ಳಿ. ನೀವು ನೋಡುತ್ತಿರುವ ಗಾಡಿಗೆ ಲೋ ರೇಂಜ್ ಇದೆಯಾ? ಥಾರ್ ಅಂದ ಮಾತ್ರಕ್ಕೆ ನಾಲ್ಕೂ ಚಕ್ರ ಎಳೆಯುತ್ತೆ ಅಂತಲ್ಲ. 2023ರಿಂದ ಹಿಂದಿನ ಎರಡೇ ಚಕ್ರ ಎಳೆಯುವ ಥಾರ್ ಕೂಡ ಬಂದಿದೆ, ನೋಡಲು ಎರಡೂ ಹೆಚ್ಚುಕಮ್ಮಿ ಒಂದೇ ಥರ. ಲೋ ರೇಂಜ್ ಅಂದರೆ ಟ್ರ್ಯಾಕ್ಟರ್‌ನಲ್ಲಿ ಗೇರ್ ಲಿವರ್ ಪಕ್ಕ ಇರುತ್ತಲ್ಲ ಹೈ-ಲೋ ಲಿವರ್, ಅದೇ ಕೆಲಸ. ವೇಗ ಕಡಿಮೆ ಮಾಡಿ ಎಳೆತ ಹೆಚ್ಚಿಸುತ್ತದೆ. ಅದು ಮತ್ತು ಒಳ್ಳೆಯ ಟೈರ್ ಇಲ್ಲದಿದ್ದರೆ ಗೇರ್‌ಬಾಕ್ಸ್ ಚರ್ಚೆ ದಂಡ.

ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಈ ಲೆಕ್ಕಾಚಾರಕ್ಕೆಲ್ಲ ಅದೇ ಮೂಲ. ನಮ್ಮ ಮನೆ ಕೆಳಗೆ, ಒಂದು ಅಡಿಕೆ ತೋಟ ಗುಡ್ಡದ ಓರೆಯಲ್ಲಿ ಮೇಲೆ. ಕೊಳೆರೋಗಕ್ಕೆ ಬೋರ್ಡೋ ಹೊಡೆಯೋದು ಯಾವಾಗ? ಮುಂಗಾರು ಶುರುವಾಗುವಾಗ ಒಮ್ಮೆ, 40-45 ದಿನ ಬಿಟ್ಟು ಮತ್ತೊಮ್ಮೆ. ಸಾವಯವದಲ್ಲೂ ಮಿತಿಯೊಳಗೆ ಅದಕ್ಕೆ ಅವಕಾಶ ಇದೆ. ಅಂದರೆ ರಸ್ತೆ ವರ್ಷದಲ್ಲೇ ಅತಿ ಕೆಟ್ಟದಾಗಿರುವ ಹೊತ್ತಿಗೇ ನಮ್ಮ ಭಾರದ ಲೋಡು ಮೇಲೆ ಹೋಗಬೇಕು. ಮಳೆ ಹೊಳವು ಕೊಟ್ಟ ಎರಡು ದಿನದಲ್ಲಿ ಕೆಲಸ ಮುಗಿಯದಿದ್ದರೆ ಆ ವರ್ಷದ ಕಾಯಿ ಮರದ ಬುಡದಲ್ಲಿ.

ಅಂಥದೊಂದು ಜುಲೈ ಬೆಳಿಗ್ಗೆ ಹಳೆಯ ಮ್ಯಾನ್ಯುಯಲ್ ಜೀಪಿನ ಹಿಂದೆ 200 ಲೀಟರಿನ ಡ್ರಮ್ ತುಂಬಿಸಿ, ಇಬ್ಬರು ಕೊನೆಗಾರರನ್ನೂ ಕೂರಿಸಿಕೊಂಡು ಹತ್ತುತ್ತಿದ್ದೆ. ತಿರುವಿನಲ್ಲಿ ಬಿದ್ದ ಕೊಂಬೆ ನೋಡಿ ನಿಲ್ಲಿಸಿದೆ. ಹಾಫ್ ಕ್ಲಚ್‌ನಲ್ಲಿ ಮತ್ತೆ ಹೊರಡಿಸಲು ನೋಡಿದಾಗ ಸುಟ್ಟ ವಾಸನೆ ಬಂತು, ಇಂಜಿನ್ ಆಫ್ ಆಯ್ತು. ಗಾಬರಿಯಲ್ಲಿ ಕ್ಲಚ್ಚು ಬ್ರೇಕು ಎರಡನ್ನೂ ಒಟ್ಟಿಗೆ ಒತ್ತಿಹಿಡಿದೆ. ಪಾಚಿ ಕಟ್ಟಿದ ಜಂಬಿಟ್ಟಿಗೆ ನೆಲ. ಚಕ್ರ ತಿರುಗದೆ ಜೀಪು ಹಾಗೇ ಹಿಂದಕ್ಕೆ ಜಾರಿತು. ಡ್ರಮ್ಮಿನ ನೀರು ಹಿಂದಕ್ಕೆ ತುಳುಕಿ ಅದೂ ಒಂದು ನೂಕು ಕೊಟ್ಟಿತು. ಹಿಂದಿನ ಚಕ್ರ ಚರಂಡಿಗೆ ಬಿದ್ದು ಗಾಡಿ ನಿಂತಿತು. ಇಬ್ಬರೂ ಹಾರಿಕೊಂಡಿದ್ದರು. ಒಬ್ಬರ ಕಾಲಿನ ಗಂಟು ಉಳುಕಿ, ಆ ಹಂಗಾಮು ಪೂರ್ತಿ ಮರ ಹತ್ತಲಿಲ್ಲ. ಚರಂಡಿ ಇದ್ದದ್ದು ಗುಡ್ಡದ ಬದಿಗೆ. ಇನ್ನೊಂದು ಬದಿಗೆ ಏನಿತ್ತು ಅಂತ ನಾನು ಬರೆಯೋದಿಲ್ಲ.

ತಪ್ಪು ಪೂರಾ ನನ್ನದೇ. ಕ್ಲಚ್ ಒತ್ತಿದ ಕ್ಷಣ ಇಂಜಿನ್‌ಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಗೇರ್‌ನಲ್ಲೇ ಬಿಟ್ಟಿದ್ದರೆ ಆಫ್ ಆದ ಇಂಜಿನ್ನೇ ಗಾಡಿಯನ್ನ ಹಿಡಿದುಕೊಳ್ಳುತ್ತಿತ್ತು. ಮ್ಯಾನ್ಯುಯಲ್ ಓಡಿಸುವ ಎಲ್ಲರೂ ಇದನ್ನ ಬಾಯಿಪಾಠ ಮಾಡಬೇಕು: ಏರಿನಲ್ಲಿ ಇಂಜಿನ್ ನಿಂತರೆ ಮೊದಲು ಕಾಲು ಬ್ರೇಕ್, ಹ್ಯಾಂಡ್ ಬ್ರೇಕ್. ಆಮೇಲೆ ಕ್ಲಚ್ ಒತ್ತಿ, ಲೋ ರೇಂಜ್‌ನಲ್ಲೇ ರಿವರ್ಸ್ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಡಿ. ಹಳೆಯ ಜೀಪಾದರೆ ಹಾಗೇ ಕೀ ತಿರುಗಿಸಬಹುದು. ಹೊಸ ಗಾಡಿಗಳಲ್ಲಿ ಬಹಳಷ್ಟು ಕ್ಲಚ್ ಒತ್ತದೆ ಸ್ಟಾರ್ಟ್ ಆಗುವುದಿಲ್ಲ. ಅವುಗಳಲ್ಲಿ ಬ್ರೇಕ್ ಬಿಗಿಯಾಗಿ ಹಿಡಿದೇ ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಬ್ರೇಕ್ ನಿಧಾನಕ್ಕೆ ಸಡಿಲಿಸಿ. ಚಕ್ರ ತಿರುಗುತ್ತಾ ಇದ್ದರೆ ಸ್ಟೇರಿಂಗ್ ಮಾತು ಕೇಳುತ್ತದೆ. ನೇರ ಹಿಂದಕ್ಕೆ ಬನ್ನಿ, ಏರಿನ ಮಧ್ಯೆ ಅಡ್ಡ ತಿರುಗಿಸಬೇಡಿ. ಮತ್ತೆ, ಲೋಡಿನ ಜೊತೆ ಜನರನ್ನ ಕೂರಿಸಬೇಡಿ. ನಮ್ಮಲ್ಲೀಗ ಎಲ್ಲರೂ ನಡೆದೇ ಹತ್ತುತ್ತಾರೆ.

ಹತ್ತೋದು ಒಂದು ಲೆಕ್ಕ, ಇಳಿಯೋದು ಇನ್ನೊಂದು

ಮ್ಯಾನ್ಯುಯಲ್‌ನಲ್ಲಿ ಇಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರೋದು ಉಜ್ಜಿಕೊಂಡು ಹಿಡಿಯುವ ಕ್ಲಚ್ ಪ್ಲೇಟು. ಏರಿನಲ್ಲಿ ನಿಂತು ಹೊರಡುವಾಗ ಇಂಜಿನ್ ತಿರುಗುತ್ತಿರುತ್ತದೆ, ಚಕ್ರ ನಿಂತಿರುತ್ತದೆ. ಆ ವ್ಯತ್ಯಾಸವೆಲ್ಲ ಪ್ಲೇಟಿನಲ್ಲಿ ಬಿಸಿಯಾಗುತ್ತದೆ. ಪ್ಲೇಟು ಸುಡೋದು ಹೀಗೆ.

ಹಳೆಯ ಮಾದರಿಯ ನಿಜವಾದ ಆಟೋಮ್ಯಾಟಿಕ್‌ನಲ್ಲಿ ಪ್ಲೇಟಿನ ಜಾಗದಲ್ಲಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಫ್ಯಾನಿನ ಗಾಳಿಗೆ ಎದುರಿನ ಫ್ಯಾನ್ ತಿರುಗಿದ ಹಾಗೆ, ಇಂಜಿನ್ ಬದಿಯ ರೆಕ್ಕೆ ಎಣ್ಣೆಯನ್ನ ತಳ್ಳುತ್ತದೆ, ಆ ಎಣ್ಣೆ ಇನ್ನೊಂದು ಬದಿಯ ರೆಕ್ಕೆಯನ್ನ ತಿರುಗಿಸುತ್ತದೆ. ಎಷ್ಟು ಹೊತ್ತು ಬ್ರೇಕ್ ಹಿಡಿದು ನಿಂತರೂ ಇಂಜಿನ್ ಆಫ್ ಆಗೋದಿಲ್ಲ. ಇನ್ನೂ ಒಂದು ಉಪಕಾರ ಇದೆ: ಗಾಡಿ ನಿಂತಲ್ಲಿಂದ ಹೊರಡುವ ಹೊತ್ತಿಗೆ ಈ ಕನ್ವರ್ಟರ್ ಇಂಜಿನ್ ಎಳೆತವನ್ನ ಸುಮಾರು ಎರಡು ಪಟ್ಟಿನ ತನಕ ಹೆಚ್ಚಿಸಿ ಕೊಡುತ್ತದೆ.

ಜಿಮ್ನಿಯ ಲೆಕ್ಕವನ್ನೇ ನೋಡೋಣ. ಮ್ಯಾನ್ಯುಯಲ್‌ನ ಮೊದಲ ಗೇರ್ ಅನುಪಾತ ಸುಮಾರು 4.4. ಲೋ ರೇಂಜ್ ಅದನ್ನ ಎರಡು ಪಟ್ಟು ಮಾಡುತ್ತದೆ, ಆಕ್ಸಲ್ ಮತ್ತೆ 4.1 ಪಟ್ಟು. ಗುಣಿಸಿದರೆ 36. ಅಂದರೆ ಇಂಜಿನ್ 36 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಆಟೋಮ್ಯಾಟಿಕ್‌ಗೆ ನಾಲ್ಕೇ ಗೇರು. ಮೊದಲನೆಯದು ಸುಮಾರು 2.9, ಆಕ್ಸಲ್ 4.3, ಲೋ ರೇಂಜ್ ಅದೇ ಎರಡು. ಗುಣಿಸಿದರೆ 25. ಕಾಗದದ ಮೇಲೆ ಮ್ಯಾನ್ಯುಯಲ್ ಗೆದ್ದಿತು. ಆದರೆ ಏರಿನಲ್ಲಿ ಹೊರಡುವ ಕ್ಷಣಕ್ಕೆ ಕನ್ವರ್ಟರ್‌ನ ಎರಡು ಪಟ್ಟು ಸೇರಿಸಿ ನೋಡಿ, 25 ಹೋಗಿ 50ರ ಹತ್ತಿರ ಬರುತ್ತದೆ! ಕ್ಲಚ್ ಸುಡದೆ, ಒಂದು ಕಾಲು ಬ್ರೇಕಿನ ಮೇಲೆ ಇದ್ದಹಾಗೆಯೇ ಗಾಡಿ ಹೊರಡುತ್ತದೆ.

ಇಳಿಯುವಾಗ ಆ ಉಪಕಾರ ಇಲ್ಲ. ಆಗ ಚಕ್ರ ಇಂಜಿನ್ನನ್ನ ತಿರುಗಿಸುತ್ತಿರುತ್ತದೆ, ಕನ್ವರ್ಟರ್ ಆ ಕಡೆಯಿಂದ ಏನನ್ನೂ ಹೆಚ್ಚಿಸಿ ಕೊಡುವುದಿಲ್ಲ, ಮೇಲಿಂದ ಸ್ವಲ್ಪ ಜಾರುತ್ತದೆ. ಬರೀ 25 ಉಳಿಯಿತು, ಅದೂ ಪೂರ್ತಿ ಅಲ್ಲ. ಮ್ಯಾನ್ಯುಯಲ್‌ನ 36 ಮಾತ್ರ ಹಾಗೇ ಇರುತ್ತದೆ. ಲೋಡು ಹೇರಿದ ಮ್ಯಾನ್ಯುಯಲ್ ಗಾಡಿ ಮೊದಲ ಲೋ ಗೇರ್‌ನಲ್ಲಿ ಎತ್ತಿನ ನಡಿಗೆಯಲ್ಲಿ ಇಳಿದರೆ, ಆಟೋಮ್ಯಾಟಿಕ್ ಸ್ವಲ್ಪ ಓಡುತ್ತದೆ, ನೀವು ಬ್ರೇಕ್ ಮುಟ್ಟುತ್ತಲೇ ಇರಬೇಕು. ಕೆಸರಲ್ಲಿ ಬ್ರೇಕ್ ಜಾಸ್ತಿ ಆದರೆ ಜಾರುತ್ತೆ, ಅದು ನನಗೆ ಗೊತ್ತಿರುವ ಪಾಠ. ಜಿಮ್ನಿಯಲ್ಲಿ ಇಳಿಜಾರಿನ ವೇಗ ಹಿಡಿದಿಡುವ ಬಟನ್ ಇದೆ. ಅದು ಒಂದೊಂದು ಚಕ್ರವನ್ನ ಬೇರೆ ಬೇರೆಯಾಗಿ ಬ್ರೇಕ್ ಹಿಡಿದು ಬಿಡುತ್ತಾ ಕಟಕಟ ಸದ್ದು ಮಾಡಿಕೊಂಡು ಇಳಿಸುತ್ತದೆ. ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಆಟೋಮ್ಯಾಟಿಕ್‌ನವರು ಅದನ್ನೇ ನಂಬಿ 'ಡಿ'ಯಲ್ಲಿ ಇಳಿಯಬೇಡಿ. 4ಎಲ್ ಹಾಕಿ, ಸಣ್ಣ ಗೇರ್‌ಗೆ ಇಳಿಸಿಕೊಂಡೇ ಇಳಿಯಿರಿ.

ಹಾಗಾಗಿ ನಾನು ಆ ಹುಡುಗನಿಗೆ ಲೋಡು ಎತ್ತ ಹೋಗುತ್ತೆ ಅಂತ ಕೇಳಿದ್ದು.

ಎಲ್ಲ ಆಟೋಮ್ಯಾಟಿಕ್ಕೂ ಒಂದೇ ಅಲ್ಲ

ಸೇಲ್ಸ್‌ನವರು "ಆಟೋಮ್ಯಾಟಿಕ್ ಸರ್" ಅಂದುಬಿಡುತ್ತಾರೆ. ಮೇಲೆ ಹೇಳಿದ್ದೆಲ್ಲ ಟಾರ್ಕ್ ಕನ್ವರ್ಟರ್‌ಗೆ ಮಾತ್ರ ಅನ್ವಯ. ಫೋರ್ ಬೈ ಫೋರ್ ಥಾರ್‌ಗೂ ಜಿಮ್ನಿಗೂ ಅದೇ ಇರೋದು. ಸಣ್ಣ ಕಾರುಗಳಲ್ಲಿ ಬರುವ ಎಎಂಟಿ ಒಳಗೆ ಮಾಮೂಲಿ ಕ್ಲಚ್ ಪ್ಲೇಟೇ ಇರೋದು, ಕಾಲಿನ ಬದಲು ಮೋಟಾರು ಒತ್ತುತ್ತದೆ ಅಷ್ಟೇ. ಕಡಿದಾದ ಏರಿನಲ್ಲಿ ಅದೂ ನನ್ನ ಹಾಗೇ ಹಾಫ್ ಕ್ಲಚ್ ಒತ್ತಿ ಸುಡುತ್ತದೆ. ಫೋರ್ಸ್ ಗೂರ್ಖಾ ನೋಡುವವರಿಗೆ ಈ ತಲೆಬಿಸಿ ಇಲ್ಲ, ಅದರಲ್ಲಿ ಮ್ಯಾನ್ಯುಯಲ್ ಮಾತ್ರ.

ಟಾರ್ಕ್ ಕನ್ವರ್ಟರ್ ಎಣ್ಣೆಯೂ ಕಾಯುತ್ತದೆ. ಕೆಸರಲ್ಲಿ 4ಎಚ್‌ನಲ್ಲೇ ಗುರ್ ಅನ್ನಿಸುತ್ತಾ ಕೂತರೆ ಬೇಗ ಕಾಯುತ್ತದೆ. ಸೋಮಾರಿತನ ಬಿಟ್ಟು 4ಎಲ್ ಹಾಕಿ.

ರಿಪೇರಿ ವಿಷಯದಲ್ಲಿ ಮ್ಯಾನ್ಯುಯಲ್ ಕಡೆಯವರ ಮಾತು ಸತ್ಯ. ಕ್ಲಚ್ ಪ್ಲೇಟನ್ನ ಹೋಬಳಿಯ ಗ್ಯಾರೇಜಿನವರೂ ಬದಲಾಯಿಸಿ ಕೊಡುತ್ತಾರೆ, ಆಟೋಮ್ಯಾಟಿಕ್ ಕೆಟ್ಟರೆ ಪೇಟೆಯ ದೊಡ್ಡ ವರ್ಕ್‌ಶಾಪೇ ಗತಿ. ಬ್ಯಾಟರಿ ಸತ್ತರೆ ಆಟೋಮ್ಯಾಟಿಕ್ಕನ್ನ ತಳ್ಳಿ ಸ್ಟಾರ್ಟ್ ಮಾಡಲಾಗದು. ಜಂಪರ್ ಕೇಬಲ್ ಸೀಟಿನಡಿ ಇರಲಿ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಮೈಲಿಗಟ್ಟಲೆ ಎಳೆಸಲೂ ಬೇಡಿ. ಗೇರ್‌ಬಾಕ್ಸಿಗೆ ಎಣ್ಣೆ ಕಳಿಸುವ ಪಂಪು ಇಂಜಿನ್ ಓಡಿದರೆ ಮಾತ್ರ ಓಡುತ್ತದೆ, ಒಳಗೆ ಒಣ ಉಜ್ಜಾಟ ಆಗುತ್ತದೆ. ಗಾಡಿ ಜೊತೆ ಕೊಡುವ ಪುಸ್ತಕದಲ್ಲಿ ಎಳೆಯುವ ಕ್ರಮ ಬರೆದಿರುತ್ತಾರೆ, ಕೆಟ್ಟು ನಿಲ್ಲುವ ಮುಂಚೆ ಓದಿ. ಇನ್ನು ಹೂತ ಗಾಡಿಯನ್ನ ಮುಂದೆ ಹಿಂದೆ ತೂಗಿ ಎಬ್ಬಿಸೋದು ಮ್ಯಾನ್ಯುಯಲ್‌ನಲ್ಲಿ ಚುರುಕು.

ಅಡಿಕೆ ಮಾರಿದ ಮೇಲೆ ಮನಾಲಿ ಕಡೆ ಹಿಮ ನೋಡಲು ಗಾಡಿ ತಗೊಂಡು ಹೋಗುವ ಗೆಳೆಯರಿದ್ದಾರೆ, ಅವರಿಗೂ ಒಂದು ಮಾತು. ಹಿಮ ನಮ್ಮ ಪಾಚಿ ನೆಲದ ದೊಡ್ಡಣ್ಣ. ಹಿಡಿತ ಕಡಿಮೆ, ಒಮ್ಮೆಗೇ ಎಳೆತ ಕೊಟ್ಟರೆ ಚಕ್ರ ಸುಮ್ಮನೆ ಸುತ್ತುತ್ತದೆ. ಅಲ್ಲಿ ಹೊರಡುವಾಗ ಎರಡನೇ ಗೇರ್ ಒಳ್ಳೆಯದು. ಆಟೋಮ್ಯಾಟಿಕ್‌ನ ಮೆದುವಾದ ಎಳೆತ ಹೊಸಬರಿಗೆ ಸಲೀಸು. ಮ್ಯಾನ್ಯುಯಲ್‌ನವರು ಇಳಿಯುವಾಗ ದಡಕ್ಕನೆ ಗೇರ್ ಇಳಿಸಿ ಕ್ಲಚ್ ಬಿಟ್ಟರೆ ಇಂಜಿನ್ ಹಿಡಿತಕ್ಕೇ ಚಕ್ರ ಜಾರಬಹುದು. ಗಟ್ಟಿ ಹಿಮದಲ್ಲಿ ಚಕ್ರಕ್ಕೆ ಚೈನ್ ಇಲ್ಲದಿದ್ದರೆ ಎರಡೂ ಗೇರ್‌ಬಾಕ್ಸ್ ಒಂದೇ.

ಕೊನೆಗೆ ನಾವು ತಗೊಂಡಿದ್ದು ಆಟೋಮ್ಯಾಟಿಕ್. ಲೋಡು ಮಳೆಗಾಲದಲ್ಲಿ ಮೇಲೆ ಹೋಗಬೇಕು, ಇಳಿಯುವಾಗ ಖಾಲಿ ಡ್ರಮ್ಮು. ಜೊತೆಗೆ ಅಪ್ಪನಿಗೆ ಮೊಣಕಾಲು ನೋವು, ಕ್ಲಚ್ ತುಳಿಯೋದು ಕಷ್ಟ. ಅಪ್ಪ ಮೊದಲ ತಿಂಗಳು "ಇದು ಗಾಡಿ ಓಡಿಸಿದ ಹಾಗೇ ಇಲ್ಲ" ಅಂತ ಗೊಣಗಿದರು, ಈಗ ಕೀ ನಮ್ಮ ಕೈಗೆ ಸಿಗೋದಿಲ್ಲ.

ಮೂಡಿಗೆರೆಯ ಹುಡುಗನದು ತಿರುಗುಮುರುಗು. ಕಣ ಕೆಳಗೆ ಮನೆ ಹತ್ತಿರ, ಕಾಫಿ ಗುಡ್ಡದ ಮೇಲೆ. ಕೊಯ್ಲಿನ ಮೂಟೆಯೆಲ್ಲ ಕೆಳಗಿಳಿಯಬೇಕು, ಓಡಿಸುವವನೂ ಅವನೊಬ್ಬನೇ. ಮ್ಯಾನ್ಯುಯಲ್ ತಗೋ ಅಂದೆ. ಬುಕ್ ಮಾಡುವ ಮುಂಚೆ ಶೋರೂಮಿನ ಡಾಂಬರು ರಸ್ತೆಯಲ್ಲಿ ಓಡಿಸಿ ನೋಡಿ ಒಪ್ಪಬೇಡ, ಅದೇ ಗಾಡಿ ಇರುವ ಯಾರಾದರೂ ನೆಂಟರನ್ನ ನಾಲ್ಕು ಮೂಟೆ ಹಾಕಿಕೊಂಡು ನಿನ್ನ ತೋಟಕ್ಕೇ ಕರೆಸು, ಇಳಿಯೋದನ್ನ ನೋಡು ಅಂತಲೂ ಹೇಳಿದೆ. ಬರುವ ಭಾನುವಾರಕ್ಕೆ ಗೊತ್ತು ಮಾಡಿದ್ದಾನಂತೆ.